ಎಡಗಡೆಯ ಹಿಂದಿನ ಟೈರು

ನಾನು ಬೆಳೆದದ್ದು ಶ್ರೀನಗರ ಬಡಾವಣೆಯ ಒಂದು ಅಡ್ಡರಸ್ತೆಯ ಮನೆಯಲ್ಲಿ. ಮೂರು ಕೋಣೆಗಳು ರೈಲಿನ ಬೋಗಿಗಳ ಹಾಗೆ ಒಂದರ ಹಿಂದೊಂದು ನಿಂತಿದ್ದವು. ಬೀದಿಬಾಗಿಲಲ್ಲಿ ನಿಂತು ಕೂಗಿದರೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಮ್ಮನಿಗೆ ಕೇಳುತ್ತಿತ್ತು. ಮುಂದಿನ ಕೋಣೆ ಅಪ್ಪನದು, ನಡುವಿನದು ಎಲ್ಲರದು, ಕೊನೆಯದು ಅಡುಗೆಮನೆ. ಮನೆಗೆ ಕಾಂಪೌಂಡು ಇರಲಿಲ್ಲ. ಹೊಸ್ತಿಲು ದಾಟಿದರೆ ಒಂದು ಚಪ್ಪಡಿಕಲ್ಲು, ಅದನ್ನು ದಾಟಿದರೆ ಬೀದಿ, ಬೀದಿಯಲ್ಲಿ ಅಪ್ಪನ ಕಾರು. ಆಫೀಸಿನ ಹಿರಿಯರೊಬ್ಬರು ಬಳಸಿ ಬಿಟ್ಟ ಬಿಳಿ ಬಣ್ಣದ ಕಾರು ಅದು. ಆ ಬೀದಿಯಲ್ಲಿ ಆಗ ಇನ್ಯಾರ ಮನೆಯ ಮುಂದೆಯೂ ಕಾರಿರಲಿಲ್ಲ. ಬಾಗಿಲಿಂದ ಎರಡು ಹೆಜ್ಜೆ ಇಟ್ಟರೆ ಡ್ರೈವರ್ ಸೀಟು ಸಿಗಬೇಕು ಎಂಬುದು ಅಪ್ಪನ ಆಸೆ. ಅದಕ್ಕಾಗಿ ಕಾರನ್ನು ತಿರುಗಿಸಿ, ಬಲಪಕ್ಕ ಮನೆಗೆ ತಾಗುವಂತೆ ನಿಲ್ಲಿಸುತ್ತಿದ್ದರು. ಎಡಪಕ್ಕ ಬೀದಿಗೆ ಬಿದ್ದಿರುತ್ತಿತ್ತು. ನಮ್ಮದು ಪಡುವಣ ದಿಕ್ಕಿನ ಮನೆ. ಮಧ್ಯಾಹ್ನ ಎರಡರಿಂದ ಹೊತ್ತು ಮುಳುಗುವವರೆಗೂ ಬಿಸಿಲು ಕಾರಿನ ಎಡಪಕ್ಕಕ್ಕೇ ಹೊಡೆಯುತ್ತಿತ್ತು. ಅಮ್ಮನ ಹಳೆಯ ಸೀರೆಯೊಂದನ್ನು ಮಡಿಸಿ ಗಾಜಿನ ಮೇಲೆ, ಬಾನೆಟ್ಟಿನ ಮೇಲೆ ಹೊದಿಸುತ್ತಿದ್ದರು. ಸೀರೆ ಚಕ್ರಗಳವರೆಗೆ ಬರುತ್ತಿರಲಿಲ್ಲ. ವಾರವೆಲ್ಲ ಕಾರು ಹಾಗೇ ನಿಂತಿರುತ್ತಿತ್ತು. ಭಾನುವಾರ ಬೆಳಿಗ್ಗೆ ಅದನ್ನು ತೊಳೆದು, ಎಲ್ಲರನ್ನೂ ಕೂರಿಸಿಕೊಂಡು ವಸಂತಪುರದ ಗುಡಿಗೆ ಹೋಗಿ ಬಂದರೆ ಅದರ ಆ ವಾರದ ಕೆಲಸ ಮುಗಿಯಿತು.

ಅಪ್ಪ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರು. ಇಡೀ ದಿನ ಬೇರೆಯವರ ತಪ್ಪು ಹುಡುಕುವುದೇ ಕೆಲಸ. ಮನೆಗೆ ಬಂದ ಮೇಲೂ ಅದು ನಿಲ್ಲುತ್ತಿರಲಿಲ್ಲ. ಮದುವೆಯ ಕರೆಯೋಲೆ ಬಂದರೆ ಕೆಂಪು ಮಸಿಯಲ್ಲಿ ಒತ್ತಕ್ಷರಗಳನ್ನು ತಿದ್ದಿಡುತ್ತಿದ್ದರು. ಸಾರಿಗೆ ಉಪ್ಪು ಕಡಿಮೆ ಎಂದು ನಾವು ಯಾರಾದರೂ ಅಂದರೆ, ಅವರು ಒಂದು ತುತ್ತು ಬಾಯಿಗಿಟ್ಟು "ಸರಿಯಾಗಿದೆ" ಎನ್ನುತ್ತಿದ್ದರು. ಆಮೇಲೆ ಅದು ಸರಿಯಾಗಿಯೇ ಇರುತ್ತಿತ್ತು. ಅಪ್ಪ ಎಂದೂ ಕೈಯೆತ್ತಿದವರಲ್ಲ, ಕೂಗಿದವರೂ ಅಲ್ಲ. ತಮ್ಮ ಮಾತಿಗೆ ಎದುರು ಬಂದರೆ ಅರ್ಧ ಉಂಡ ತಟ್ಟೆಯನ್ನು ಅಲ್ಲೇ ಬಿಟ್ಟು ಮುಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಮ್ಮ ಆ ಬಾಗಿಲ ಹೊರಗೆ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಗಂಟೆಗಟ್ಟಲೆ ನಿಲ್ಲುತ್ತಿದ್ದಳು. "ಬನ್ನಿ, ಅನ್ನ ಆರ್ತಿದೆ. ನಂದೇ ತಪ್ಪು, ಬನ್ನಿ." ಯಾವ ತಪ್ಪು ಎಂದು ಅವಳಿಗೂ ಗೊತ್ತಿರುತ್ತಿರಲಿಲ್ಲ. ಅವಳು ಹಾಗೆ ನಿಂತಿರುವುದನ್ನು ನೋಡಿ ನೋಡಿ ನಾನೂ ನನ್ನ ತಮ್ಮ ರಘುವೂ ಬಾಯಿಗೆ ಬಂದ ಮಾತನ್ನು ಒಳಕ್ಕೇ ನುಂಗಿಕೊಳ್ಳುವುದನ್ನು ಕಲಿತೆವು. ನನಗೆ ಆಗ ಹತ್ತು ವರ್ಷ, ರಘುವಿಗೆ ನಾಲ್ಕು.

ಆ ಮನೆಯಲ್ಲಿ ಅಪ್ಪನಿಗೆ ಎದುರುತ್ತರ ಕೊಟ್ಟು ನಗಿಸುತ್ತಿದ್ದವಳು ಒಬ್ಬಳೇ, ಅಮ್ಮನ ತಂಗಿ ನಳಿನ ಚಿಕ್ಕಮ್ಮ. ಅಮ್ಮನ ತೌರುಮನೆ ಜಯನಗರದಲ್ಲೇ ಇತ್ತು. ಅಜ್ಜಿ ತೀರಿಕೊಂಡ ಮೇಲೆ ಅಲ್ಲಿ ತಾತ ಮತ್ತು ಸೋದರಮಾವ, ಇಬ್ಬರೇ ಗಂಡಸರು. ರಘು ಹುಟ್ಟಿದಾಗ ಬಾಣಂತನಕ್ಕೆಂದು ಬಂದ ಚಿಕ್ಕಮ್ಮ ಮತ್ತೆ ವಾಪಸು ಹೋಗಲಿಲ್ಲ. ನಮ್ಮ ಮನೆಯ ಹತ್ತಿರದ ಶಿಶುವಿಹಾರದಲ್ಲಿ ಪಾಠ ಹೇಳುತ್ತ, ಸರ್ಕಾರಿ ಶಾಲೆಯ ಕೆಲಸಕ್ಕೆ ಓದುತ್ತ ನಡುವಿನ ಕೋಣೆಯಲ್ಲಿ ನನ್ನ ಪಕ್ಕ ಮಲಗುತ್ತಿದ್ದಳು. ತಾತ ಅವಳ ಬಟ್ಟೆಬರೆ ತಂದುಕೊಟ್ಟ ದಿನ ಅಪ್ಪನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಕೈಗೆ ಹಾಕಿದೀನಿ, ಅಳಿಯಂದ್ರೇ" ಎಂದಿದ್ದರು. ಚಿಕ್ಕಮ್ಮ ಹಿಂದಿನಿಂದ ನಕ್ಕಿದ್ದಳು.

"ಭಾವನ ಕೈಗೆ ಹಾಕ್ಬೇಡಿ ಅಪ್ಪ, ಕೆಂಪಿಂಕಲ್ಲಿ ಗೆರೆ ಎಳೆದು ವಾಪಸ್ ಕಳಿಸ್ತಾರೆ."

ಅಪ್ಪನೂ ನಕ್ಕಿದ್ದರು. ಅವರು ಹಲ್ಲು ಕಾಣುವಂತೆ ನಗುತ್ತಿದ್ದದ್ದು ಅವಳ ಮಾತಿಗೆ ಮಾತ್ರ.

ಆ ವರ್ಷದ ಆಯುಧಪೂಜೆಯ ದಿನ ಕಾರಿಗೆ ಅರಿಶಿನ ಕುಂಕುಮ ಹಚ್ಚುವ ಕೆಲಸ ನನಗೆ ಸಿಕ್ಕಿತು. ಅರಿಶಿನವನ್ನು ನೀರಲ್ಲಿ ಕದಡಿಕೊಂಡು ನಾಲ್ಕು ಚಕ್ರಕ್ಕೂ ಬಳಿದೆ. ಎಡಗಡೆಯ ಹಿಂದಿನ ಚಕ್ರಕ್ಕೆ ಹೆಚ್ಚಾಗಿ ಚೆಲ್ಲಿಹೋಯಿತು. ಅಪ್ಪ ಬೈದಾರೆಂದು ಒದ್ದೆಬಟ್ಟೆ ತಂದು ಒರೆಸಿದೆ. ಮೇಲಿನದೆಲ್ಲ ಹೋಯಿತು, ಟೈರಿನ ಪಕ್ಕೆಯಲ್ಲಿ ಮಾತ್ರ ಹಳದಿ ಎಳೆಗಳು ಉಳಿದವು. ಕೂದಲಿನಷ್ಟು ಸಣ್ಣವು, ನೂರಾರು, ಒಂದಕ್ಕೊಂದು ಹೆಣೆದುಕೊಂಡವು. ಉಗುರಿಟ್ಟು ನೋಡಿದೆ. ಉಗುರು ಒಳಕ್ಕಿಳಿಯಿತು. ಬರಿಗಾಲಲ್ಲಿ ಓಡಾಡುವವರ ಹಿಮ್ಮಡಿ ಒಡೆದಿರುತ್ತದಲ್ಲ, ಹಾಗಿತ್ತು. ನಾನು ಅಡುಗೆಮನೆಗೆ ಓಡಿದೆ. ಅಮ್ಮ ಕೋಸಂಬರಿಗೆ ಒಗ್ಗರಣೆ ಹಾಕುತ್ತಿದ್ದಳು.

"ಅಮ್ಮ, ಟೈರು ಬಿರುಕು ಬಿಟ್ಟಿದೆ. ಎಡಗಡೇದು, ಹಿಂದಿಂದು."

"ಹಬ್ಬದ ದಿನ ಒಡೆದದ್ದು, ಬಿರುಕು ಅಂತೆಲ್ಲ ಮಾತಾಡ್ಬಾರ್ದು. ಬಾಯ್ಮುಚ್ಚು. ಅಪ್ಪನ ಕಿವಿಗೆ ಬಿದ್ರೆ ಇವತ್ತು ಊಟ ಆದಂಗೇ."

ಹಾಗೆಂದವಳು ಆರತಿ ಹಿಡಿದು ಹೊರಗೆ ಬಂದಾಗ ಆ ಚಕ್ರದ ಬಳಿ ಒಂದು ಗಳಿಗೆ ನಿಂತಳು. ಬಗ್ಗಿದಳು. ಅವಳು ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಅವಳು ಆ ಎಳೆಗಳ ಮೇಲೆ ಇನ್ನಷ್ಟು ಕುಂಕುಮ ಹಚ್ಚಿ, ಎದ್ದು ಆರತಿ ಬೆಳಗಿದಳು.

ಮುಂದಿನ ಭಾನುವಾರ ಗಾಳಿ ತುಂಬಿಸಲು ಅಪ್ಪ ನನ್ನನ್ನೂ ಕರೆದುಕೊಂಡು ಹೋದರು. ಬಸ್‌ಸ್ಟಾಪಿನ ಎದುರು ಮಸ್ತಾನಣ್ಣನ ಪಂಕ್ಚರ್ ಅಂಗಡಿ. ಮಸ್ತಾನಣ್ಣ ಕುಕ್ಕರಗಾಲಲ್ಲಿ ಕೂತು ಗಾಳಿಯ ಪೈಪು ಸಿಕ್ಕಿಸುತ್ತಿದ್ದವನು ತಟ್ಟನೆ ನಿಲ್ಲಿಸಿದ. ಹೆಬ್ಬೆರಳಿನಿಂದ ಟೈರಿನ ಪಕ್ಕೆಯನ್ನು ಒತ್ತಿದ. ಅರಿಶಿನ ಇನ್ನೂ ಬಿರುಕುಗಳಲ್ಲಿತ್ತು.

"ಸಾರ್, ಇದರ ಸೈಡು ಹೋಗ್ಬಿಟ್ಟಿದೆ. ನೋಡಿ, ಕ್ರ್ಯಾಕ್ ಬಿಟ್ಟಿದೆ."

"ಮೇಲಿನ ಬಟನ್ ನೋಡಯ್ಯ, ಒಂದೂ ಸವೆದಿಲ್ಲ. ಹೊಸಾ ಟೈರಿನ ಹಂಗಿದೆ."

"ಬಟನ್ ಇರ್ತದೆ ಸಾರ್, ಗಾಡಿ ಓಡಿದ್ರೆ ತಾನೇ ಸವೆಯೋದು? ನಿಂತೂ ನಿಂತೂ ಬಿಸಿಲಿಗೆ ರಬ್ಬರ್ ಒಣಗೋಗಿದೆ. ರೋಡಿಗೆ ತಾಗೋ ಕಡೆ ತೂತಾದ್ರೆ ನಾನು ಪ್ಯಾಚ್ ಹಾಕ್ತೀನಿ. ಸೈಡಿಗೆ ಪ್ಯಾಚ್ ಇಲ್ಲ ಸಾರ್. ಭಾರ ಎಲ್ಲಾ ಹೊರೋದು ಸೈಡೇ. ಇಲ್ಲೇ ಗುಡಿಗೆ ಹೋಗಿ ಬನ್ನಿ, ಪರ್ವಾಗಿಲ್ಲ. ದೂರ ಮಾತ್ರ ಹೋಗ್ಬೇಡಿ. ಬದ್ಲಾಯ್ಸಿಬಿಡಿ."

ಅಪ್ಪ ಗಾಳಿಯ ಕಾಸು ಕೊಟ್ಟು ಕಾರು ಹತ್ತಿದರು. ಕಾರು ಕೊಂಡಾಗ ಅದರ ಟೈರುಗಳನ್ನು ಬೀದಿಯವರಿಗೆಲ್ಲ ಬಟನ್ ಎಣಿಸಿ ತೋರಿಸಿದವರು ಅವರು. ಮನೆಯ ತಿರುವು ಬಂದಾಗ, "ಅವನಿಗೆ ವ್ಯಾಪಾರ ಆಗ್ಬೇಕು. ಅದಕ್ಕೆ ಹಂಗಂತಾನೆ" ಎಂದರು. ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯಲಿಲ್ಲ. ಎರಡು ದಿನ ಬಿಟ್ಟು ಸಂಜೆ ಆಫೀಸಿಂದ ಬಂದವರು ಸೈಕಲ್ ಟ್ಯೂಬಿಗೆ ಹಚ್ಚುವ ಸಲ್ಯೂಷನ್ನಿನ ಟ್ಯೂಬೊಂದನ್ನು ಜೇಬಿಂದ ತೆಗೆದರು. ಹಲ್ಲುಜ್ಜುವ ಹಳೆಯ ಬ್ರಷ್ಷು, ತಮ್ಮ ಬೂಟಿನ ಕರಿ ಪಾಲಿಷ್ ಡಬ್ಬಿ. ಡಬ್ಬಿ ಹಿಡಿದುಕೊಳ್ಳುವುದು ನನ್ನ ಪಾಲಿಗೆ ಬಂತು. ಅಪ್ಪ ನೆಲಕ್ಕೆ ಪೇಪರು ಹಾಸಿ ಕೂತು, ಕರಡು ತಿದ್ದುವಾಗಿನ ಅದೇ ಶ್ರದ್ಧೆಯಿಂದ, ಒಂದೊಂದೇ ಬಿರುಕಿಗೆ ಸಲ್ಯೂಷನ್ ತುಂಬಿದರು. ಆರಿದ ಮೇಲೆ ಪಾಲಿಷ್ ಬಳಿದರು. ಒಂದು ಎಳೆಯೂ ಕಾಣದ ಹಾಗೆ ಟೈರು ಕರ್ರಗೆ ಮಿಂಚಿತು.

"ನೋಡು, ಹೊಸದಾಯ್ತು" ಎಂದರು. ನಾನು ಹೂಂ ಎಂದೆ.

ಬೇಸಿಗೆ ಬಂತು, ಹೋಯಿತು. ಕಾರಿನ ಎಡಪಕ್ಕ ಇನ್ನೊಂದು ಬೇಸಿಗೆಯ ಬಿಸಿಲನ್ನು ಕುಡಿಯಿತು. ಶಾಲೆಗಳು ಶುರುವಾಗುವ ಹೊತ್ತಿಗೆ ಚಿಕ್ಕಮ್ಮನಿಗೆ ಆರ್ಡರು ಬಂತು. ಕನಕಪುರ ದಾಟಿ ಒಳಗೆ ಹೋಗಬೇಕಾದ ಒಂದು ಹಳ್ಳಿಯ ಸರ್ಕಾರಿ ಶಾಲೆ. ಅವಳು ಆ ಕಾಗದವನ್ನು ದೇವರ ಮುಂದೆ ಇಟ್ಟಳು, ನನ್ನ ಕೈಯಲ್ಲಿ ಓದಿಸಿದಳು, ರಘುವಿನ ತಲೆಯ ಮೇಲಿಟ್ಟು ಕುಣಿದಳು. ಒಂದು ಟ್ರಂಕು, ಸೀಮೆಎಣ್ಣೆ ಸ್ಟೌ, ಹಾಸಿಗೆಯ ಸುತ್ತು, ಪಾತ್ರೆಗಳ ಗೋಣಿಚೀಲ, ಪುಸ್ತಕಗಳ ಎರಡು ಕಟ್ಟು ನಡುಮನೆಯಲ್ಲಿ ಸಾಲಾಗಿ ನಿಂತವು. ಬಸ್ಸಲ್ಲಿ ಹೋಗುತ್ತೇನೆ ಎಂದು ಅವಳು ಮೊದಲಿನಿಂದಲೂ ಹೇಳುತ್ತಿದ್ದಳು.

"ಕಂಡಕ್ಟರ್‌ಗೆ ಹೇಳಿದ್ರೆ ಟಾಪ್ ಮೇಲೆ ಹಾಕ್ಕೊಡ್ತಾನೆ ಭಾವ. ನೀವ್ಯಾಕೆ ಅಷ್ಟು ದೂರ?"

"ಮನೆ ಮುಂದೆ ಕಾರಿಟ್ಕೊಂಡು ಮೊದಲ್ನೇ ದಿನ ಟೀಚರಮ್ಮ ಟ್ರಂಕ್ ಹೊತ್ಕೊಂಡು ಬಸ್ ಇಳೀಬೇಕಾ? ಊರವರು ಏನಂದ್ಕೋತಾರೆ? ನಾನು ಬಿಟ್ಟು ಬರ್ತೀನಿ. ಮಾತು ಮುಗೀತು."

ಸಾಮಾನೆಲ್ಲ ತುಂಬಿದ ಮೇಲೆ ಕಾರಿನಲ್ಲಿ ಜಾಗ ಉಳಿದದ್ದು ಮುಂದೆ ಒಬ್ಬರಿಗೆ, ಹಿಂದೆ ಬಲಬದಿಯಲ್ಲಿ ಮುದುರಿ ಕೂರುವ ಒಬ್ಬರಿಗೆ. ಹಠ ಮಾಡಿ ನಾನು ಆ ಜಾಗ ಗಿಟ್ಟಿಸಿಕೊಂಡೆ. ಅಮ್ಮ, ರಘು ಮನೆಯಲ್ಲೇ ಉಳಿದರು. ಹೊರಡುವ ಮೊದಲು ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದರು. ಹಿಂಭಾಗ ಭಾರಕ್ಕೆ ಕೆಳಗಿಳಿದಿತ್ತು. ಎಡಗಡೆಯ ಹಿಂದಿನ ಟೈರು ನೆಲದ ಮೇಲೆ ಹೊಟ್ಟೆ ಬಿಟ್ಟುಕೊಂಡಂತೆ ಉಬ್ಬಿತ್ತು. ಉಬ್ಬಿದಲ್ಲಿ ಪಾಲಿಷ್ ಒಡೆದು ಗೆರೆಗಳು ಮತ್ತೆ ಬಾಯಿ ತೆರೆದಿದ್ದವು. ಅಪ್ಪ ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಿದರು, ಮಸ್ತಾನಣ್ಣ ಒತ್ತಿದ ಹಾಗೇ. "ಅಪ್ಪ" ಎಂದೆ. ಹಿಂದಿನಿಂದ ಅಮ್ಮನ ಕೈ ನನ್ನ ಹೆಗಲ ಮೇಲೆ ಬಂದು ಕೂತಿತು, ಭಾರವಾಗಿಯೇ ಕೂತಿತು.

"ಏನು?" ಎಂದರು ಅಪ್ಪ.

"ಏನಿಲ್ಲ."

ಚಿಕ್ಕಮ್ಮ ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಮುಂದಿನ ಸೀಟಿನಲ್ಲಿ ಕೂತಳು.

ವಸಂತಪುರದ ಕಡೆಯ ಮನೆಗಳು ಮುಗಿದ ಮೇಲೆ ಆಗ ಎರಡೂ ಬದಿಗೆ ಹೊಲಗಳಿದ್ದವು. ಈಗ ಆ ರಸ್ತೆಯ ನೆತ್ತಿಯ ಮೇಲೆ ಮೆಟ್ರೋ ಓಡುತ್ತದೆ. ಅಪ್ಪ ನಿಧಾನವಾಗಿಯೇ ಓಡಿಸುತ್ತಿದ್ದರು. ಕನಕಪುರ ದಾಟಿದಾಗ ಹನ್ನೊಂದು ಗಂಟೆ ಇದ್ದೀತು. ಕಿಟಕಿಯ ಅಂಚು ಮುಟ್ಟಿದರೆ ಕೈ ಸುಡುತ್ತಿತ್ತು. ಚಿಕ್ಕಮ್ಮ ಸೀಟಿನಲ್ಲಿ ಅರ್ಧ ತಿರುಗಿ ನನ್ನ ಜೊತೆ ಮಾತಾಡುತ್ತಿದ್ದಳು.

"ಮೊದಲ್ನೇ ದಿನ ಪಾಠ ಮಾಡಲ್ಲ ಕಣೇ. ಎಲ್ಲರ ಹೆಸರು ಕೇಳ್ತೀನಿ ಅಷ್ಟೇ. ಹೆಸರು ಹೇಳಕ್ಕೆ ನಾಚ್ಕೊಳೋರು ಇರ್ತಾರಲ್ಲ, ಅವರ ಪಕ್ಕ ಹೋಗಿ ಕೂತ್ಕೊಂಡು..."

ತುಂಬಿದ ಕೊಡ ಬಾವಿಯ ಕಲ್ಲಿಗೆ ಬಡಿದು ಒಡೆದಂಥ ಸದ್ದು. ಕಾರಿನ ಹಿಂಭಾಗ ಒಂದು ಕಡೆ ಕುಸಿದು, ಹಾವಿನ ಬಾಲದ ಹಾಗೆ ಅತ್ತಿತ್ತ ಹೊಡೆದಾಡಿತು. ಅಪ್ಪ ಸ್ಟೇರಿಂಗನ್ನು ಎದೆಗೆ ಅವುಚಿಕೊಂಡು ಎಳೆಯುತ್ತಿದ್ದದ್ದು ಕಂಡಿತು. ಆಮೇಲೆ ಎಡಕ್ಕೆ ಹುಣಿಸೆಮರ. ಮರ ಬಂದದ್ದು ಚಿಕ್ಕಮ್ಮನ ಬಾಗಿಲಿಗೆ. ಎಲ್ಲ ನಿಂತ ಮೇಲೆ ಪಾತ್ರೆಗಳ ಚೀಲ ಹರಿದು ಲೋಟವೊಂದು ರಸ್ತೆಯ ಮೇಲೆ ಉರುಳುತ್ತ ಹೋಗುವುದು ಬಹಳ ಹೊತ್ತು ಕೇಳಿಸಿತು. ಚಿಕ್ಕಮ್ಮ ನನ್ನ ಕಡೆ ಅರ್ಧ ತಿರುಗಿದ್ದವಳು ಹಾಗೇ ಇದ್ದಳು. ಕಣ್ಣು ತೆರೆದೇ ಇತ್ತು. ನನ್ನ ಹೆಗಲ ಮೂಳೆ ಮುರಿದಿತ್ತು. ಆಗ ನೋವು ಗೊತ್ತಾಗಲಿಲ್ಲ. ಅಪ್ಪ ಬಾಗಿಲು ತಳ್ಳಿ ಇಳಿದರು. ಇಳಿದವರು ಚಿಕ್ಕಮ್ಮನ ಕಡೆಗೆ ಹೋಗಲಿಲ್ಲ. ಮೊದಲು ಕಾರಿನ ಹಿಂದಿನಿಂದ ಹಾದು ಆ ಚಕ್ರದ ಮುಂದೆ ನಿಂತರು. ಟೈರಿನ ಪಕ್ಕೆ ಈ ಕಡೆಯಿಂದ ಆ ಕಡೆಯವರೆಗೆ ಹರಿದು ಜೋತುಬಿದ್ದಿತ್ತು. ಅವರು ಬಗ್ಗಿ ಅದನ್ನು ಮುಟ್ಟಿದರು. ಎರಡೇ ಕ್ಷಣ, ಹೆಚ್ಚಿಲ್ಲ. ಆಮೇಲೆ ಓಡಿಬಂದು ಮುಂದಿನ ಬಾಗಿಲನ್ನು ಕಿತ್ತು ತೆಗೆಯಲು ಒದ್ದಾಡಿದರು, ನಳಿನಾ ನಳಿನಾ ಎಂದು ಕೂಗಿದರು. ಆ ಎರಡು ಕ್ಷಣದ ಮಾತನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಮ್ಮನೂ ತಾತನೂ ಪಕ್ಕದ ಮನೆಯವರ ವ್ಯಾನಿನಲ್ಲಿ ಕನಕಪುರದ ಆಸ್ಪತ್ರೆಗೆ ಬಂದರು. ತಾತ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಅಪ್ಪನ ಎದುರು ನಿಂತರು.

"ಹೇಗಾಯ್ತು?"

ಅಪ್ಪನ ಬಾಯಿ ತೆರೆಯಿತು. ತಂಗಿಯ ಮುಖವನ್ನು ಇನ್ನೂ ನೋಡಿರದ, ಗಂಡನ ಜೊತೆ ಇನ್ನೂ ಒಂದು ಮಾತೂ ಆಡಿರದ ಅಮ್ಮ ಮುಂದೆ ಬಂದಳು.

"ರಸ್ತೇಲಿ ಕಲ್ಲಿತ್ತಂತೆ ಅಪ್ಪಾ. ದೊಡ್ಡ ಕಲ್ಲು. ಟೈರು ಅದಕ್ಕೆ ಹೊಡೀತಂತೆ."

ಅಪ್ಪ ತಲೆಯೆತ್ತಿ ಅವಳನ್ನು ನೋಡಿದರು. ಪೊಲೀಸಿನವರು ಬಂದು ಕೇಳಿದಾಗಲೂ ಅಮ್ಮನೇ ಹೇಳಿದಳು. ಅವರು ತೋರಿಸಿದಲ್ಲಿ ಅಪ್ಪ ಸಹಿ ಹಾಕಿದರು. ಹೆಗಲಿಗೆ ಕಟ್ಟು ಹಾಕಿಸಿಕೊಂಡು ನಾನು ಮನೆಗೆ ಬಂದ ಕೆಲವು ದಿನಕ್ಕೆ ಅಮ್ಮ ನನ್ನನ್ನು ಬಚ್ಚಲಲ್ಲಿ ಕೂರಿಸಿ, ಕಟ್ಟು ನೆನೆಯದ ಹಾಗೆ ಒಂದೊಂದೇ ಚೊಂಬು ಬಿಸಿನೀರು ಹಾಕಿದಳು. ಬೆನ್ನುಜ್ಜುತ್ತಲೇ ಹೇಳಿದಳು.

"ತಾತ ಕೇಳಿದ್ರೆ ಕಲ್ಲಿತ್ತು ಅನ್ಬೇಕು. ಯಾರು ಕೇಳಿದ್ರೂ."

"ಕಲ್ಲಿರ್ಲಿಲ್ಲ ಅಮ್ಮ."

"ಇತ್ತು. ತಾತಂಗೆ ಗೊತ್ತಾದ್ರೆ ಅವರ ಮನೆ ಬಾಗಿಲು ನಮಗೆ ಮುಚ್ಚಿ ಹೋಗುತ್ತೆ. ನಿಮ್ಮಪ್ಪ ಏನು ಮಾಡ್ಕೋತಾರೋ ಗೊತ್ತಿಲ್ಲ. ಹೋದವಳು ಹೋದ್ಲು. ಇರೋರನ್ನೂ ಕಳ್ಕೊಳ್ಳೋದಾ?"

"ಎಷ್ಟು ದೊಡ್ಡದಿತ್ತು?" ಎಂದು ಕೇಳಿದೆ. ಅವಳು ಚೊಂಬು ಕೆಳಗಿಟ್ಟು ಎರಡೂ ಒದ್ದೆ ಕೈಗಳನ್ನು ನನ್ನ ಮುಂದೆ ಹಿಡಿದು ತೋರಿಸಿದಳು.

"ಇಷ್ಟು."

ಆ ವರ್ಷವೆಲ್ಲ ನಮ್ಮ ಮನೆಗೆ ಮಾತಾಡಿಸಲು ಬಂದವರಿಗೆ ಅಮ್ಮ ಕಾಫಿ ಕೊಟ್ಟಳು, ನಾನು ಕಲ್ಲು ಕೊಟ್ಟೆ. ಮೊದಮೊದಲು ನಾಲಗೆ ತಡವರಿಸುತ್ತಿತ್ತು. ಬರಬರುತ್ತ ಅದು ರಸ್ತೆಯ ತಿರುವಿನಲ್ಲಿತ್ತು, ಕಪ್ಪಗಿತ್ತು, ಒಂದು ಕಡೆ ಚೂಪಾಗಿತ್ತು ಎಂದು ನಾನೇ ಸೇರಿಸುವಷ್ಟು ಪಳಗಿದೆ. ಜನ ನನ್ನ ಕೆನ್ನೆ ಸವರಿ ನಿಟ್ಟುಸಿರು ಬಿಡುತ್ತಿದ್ದರು. ರಘು ಕಾರಿಲ್ಲದ ಖಾಲಿ ಬೀದಿಯಲ್ಲಿ ಒಂದು ಕಲ್ಲಿಟ್ಟು, ತನ್ನ ಆಟಿಕೆಯ ಗಾಡಿಯನ್ನು ಅದಕ್ಕೆ ಗುದ್ದಿಸಿ, "ಚಿಕ್ಕಮ್ಮ ಹೋದ್ಲು" ಎಂದು ಆಡುತ್ತಿದ್ದ. ಮನೆಯಲ್ಲಿ ತಪ್ಪು ತಿದ್ದುವವರು ಯಾರೂ ಉಳಿಯಲಿಲ್ಲ. ಅಪ್ಪ ನನ್ನ ನೋಟ್‌ಬುಕ್ಕಿನಲ್ಲಿ ಕಣ್ಣಿಗೆ ಹೊಡೆಯುವ ಕಾಗುಣಿತದ ತಪ್ಪುಗಳನ್ನು ನೋಡಿಯೂ ಸಹಿ ಹಾಕಿ ಕೊಡುತ್ತಿದ್ದರು. ಉಪ್ಪು ಮರೆತ ಸಾರನ್ನು ಮಾತಿಲ್ಲದೆ ಉಣ್ಣುತ್ತಿದ್ದರು. ಮುಂದಿನ ಕೋಣೆಯ ಬಾಗಿಲು ಈಗ ಯಾವಾಗಲೂ ತೆರೆದೇ ಇರುತ್ತಿತ್ತು. ಅಮ್ಮ ಆ ಕಡೆ ಹೋಗುತ್ತಿರಲಿಲ್ಲ. ಇಬ್ಬರೂ ಒಂದೇ ಗುಟ್ಟನ್ನು ಕಾಯುತ್ತಿದ್ದವರು. ಕಾಯುತ್ತಿದ್ದಾರೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲೂ ಆಗದವರು.

ವರ್ಷದ ತಿಥಿ ಜಯನಗರದಲ್ಲಿ, ತಾತನ ಮನೆಯಲ್ಲಿ ಆಯಿತು. ಹಜಾರದಲ್ಲಿ ಸಾಲಾಗಿ ಎಲೆ ಹಾಕಿದ್ದರು. ತಾತನ ಎದುರಿಗೆ ಅಪ್ಪ, ಅಪ್ಪನ ಪಕ್ಕ ನಾನು. ಅಮ್ಮನೂ ಸೋದರಮಾವನೂ ಬಡಿಸುತ್ತಿದ್ದರು. ಆ ಒಂದು ವರ್ಷದಲ್ಲಿ ತಾತನ ಬೆನ್ನು ಬಾಗಿತ್ತು. ಅವರು ಅನ್ನ ಕಲಸುತ್ತ ಕಲಸುತ್ತ ಕೈ ನಿಲ್ಲಿಸಿ ಅಪ್ಪನನ್ನು ನೋಡಿದರು.

"ನಾಳೆ ಆ ಜಾಗಕ್ಕೆ ಹೋಗಿ ಬರೋಣ ಅಂತಿದೀನಿ, ಅಳಿಯಂದ್ರೇ. ಆ ಕಲ್ಲನ್ನ ಯಾರಾದ್ರೂ ತೆಗೆದಿದಾರೋ ಇಲ್ವೋ. ವರ್ಷದಿಂದ ಅದೇ ಯೋಚ್ನೆ ನಂಗೆ. ಇನ್ನೊಬ್ಬರ ಮಕ್ಕಳು ಓಡಾಡೋ ರಸ್ತೆ. ಆಳು ಕರ್ಕೊಂಡೋಗಿ ತೆಗೆಸಿಬಿಟ್ರೆ ನಂಗೆ ಸಮಾಧಾನ." ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು, "ಎಷ್ಟು ದೊಡ್ಡದಿತ್ತು ಪುಟ್ಟಿ? ಎಷ್ಟು ಜನ ಬೇಕಾಗ್ಬೋದು?"

ನಾನು ಎರಡೂ ಕೈ ಎತ್ತಿದೆ. ಬಲಗೈ ಬೆರಳುಗಳಿಗೆ ಅನ್ನ ಮೆತ್ತಿತ್ತು. "ಇಷ್ಟು ತಾತ."

"ಕೈ ಇಳಿಸು" ಎಂದರು ಅಪ್ಪ.

ವರ್ಷದಿಂದ ಕೇಳಿರದ ದನಿ ಅದು. ನಾನು ಇಳಿಸಿದೆ.

"ಕಲ್ಲಿರ್ಲಿಲ್ಲ" ಎಂದರು. "ಟೈರಿನ ಸೈಡು ಬಿರುಕು ಬಿಟ್ಟಿತ್ತು. ಎಂಟು ತಿಂಗಳು ಮೊದಲೇ ನಂಗೆ ಗೊತ್ತಿತ್ತು. ಪಂಕ್ಚರ್ ಅಂಗಡಿಯವನು ದೂರ ಹೋಗ್ಬೇಡಿ ಅಂತ ಬಾಯ್ಬಿಟ್ಟು ಹೇಳಿದ್ದ. ನಾನು ಅದರ ಮೇಲೆ ಬೂಟ್ ಪಾಲಿಷ್ ಬಳಿದೆ. ಬಸ್ಸಲ್ಲಿ ಹೋಗ್ತೀನಿ ಅಂದ್ಲು. ನಾನೇ ಬಿಡ್ಲಿಲ್ಲ."

ಅಮ್ಮ ತೊವ್ವೆಯ ಪಾತ್ರೆ ಹಿಡಿದು ಹಜಾರದ ನಡುವೆ ನಿಂತುಬಿಟ್ಟಳು. ಸೌಟಿನಿಂದ ತೊವ್ವೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ತಾತ ಕಲಸಿದ ಅನ್ನವನ್ನು ಎಲೆಯ ಅಂಚಿಗೆ ಸರಿಸಿದರು.

"ಬೇರೆ ಯಾರಿಗೆ ಗೊತ್ತಿತ್ತು?"

ಅಪ್ಪ ನನ್ನ ಕಡೆ ನೋಡಲಿಲ್ಲ. ಅಮ್ಮನ ಕಡೆಯೂ ನೋಡಲಿಲ್ಲ.

"ಯಾರಿಗೂ ಇಲ್ಲ. ನಂಗೊಬ್ಬನಿಗೇ. ಕಲ್ಲು ಅಂತ ಇವರಿಗೆಲ್ಲ ಹೇಳಿದ್ದೂ ನಾನೇ."

"ನಳಿನಾಳ ತಿಥಿ ಊಟ ಇದು" ಎಂದರು ತಾತ. ದನಿ ಏರಲಿಲ್ಲ. "ಅರ್ಧಕ್ಕೆ ಏಳ್ಬೇಡಿ. ಊಟ ಮುಗಿಸಿ ಹೋಗಿ. ಮತ್ತೆ ಈ ಮನೆಗೆ ಬರ್ಬೇಡಿ."

ಮಾತು ಬಂದಾಗಲೆಲ್ಲ ತಟ್ಟೆ ಬಿಟ್ಟು ಏಳುತ್ತಿದ್ದ ಅಪ್ಪ ಅಂದು ಏಳಲಿಲ್ಲ. ಎಲೆಯ ಮೇಲಿದ್ದ ಅನ್ನವನ್ನು ಕೊನೆಯ ಅಗುಳಿನವರೆಗೂ ಉಂಡರು. ಕೈ ತೊಳೆದು, ಚಪ್ಪಲಿ ಮೆಟ್ಟಿ, ಗೇಟು ಹಾಕಿಕೊಂಡು ಹೋದರು.

ಸಂಜೆ ನಾವು ಮನೆಗೆ ಬಂದಾಗ ಅಪ್ಪ ಇನ್ನೂ ಬಂದಿರಲಿಲ್ಲ. ಅಮ್ಮ ನಡುಮನೆಯಲ್ಲಿ ಕೂತು ಒಣಗಿದ ಬಟ್ಟೆಗಳನ್ನು ಮಡಿಸತೊಡಗಿದಳು. ಒಂದೇ ಅಂಗಿಯನ್ನು ಮಡಿಸುವುದು, ಬಿಚ್ಚುವುದು, ಮತ್ತೆ ಮಡಿಸುವುದು.

"ಯಾಕೆ ಹೇಳ್ಬೇಕಿತ್ತು?" ಎಂದಳು. "ಕಲ್ಲೇ ಇರ್ಲಿ ಅಂತ ಬಿಡ್ಬೋದಿತ್ತಲ್ಲ. ಕಲ್ಲಿಗೇನು ನೋವಾಗ್ತಿತ್ತಾ?"

ನಾನು ಪಕ್ಕದಲ್ಲಿ ಕೂತು ಒಂದು ಟವೆಲು ಎತ್ತಿಕೊಂಡು ಮಡಿಸತೊಡಗಿದೆ.

"ನೀನು ಬಂದು ಹೇಳಿದ್ದೆ ನಂಗೆ. ಆಯುಧಪೂಜೆ ದಿನ. ನಾನು ಬಗ್ಗಿ ನೋಡಿದ್ದೆ ಕಣೇ. ಹೊರಡೋ ದಿನ ನಿನ್ನ ಬಾಯಿಗೆ ಮಾತು ಬಂದಿತ್ತು, ನಾನೇ ಅದುಮಿದೆ. ಒಂದೇ ಒಂದು ಮಾತು. ಊಟ ಬಿಟ್ಟು ಏಳ್ತಿದ್ರು, ಅಷ್ಟೇ ತಾನೆ? ಬಾಗ್ಲು ಹಾಕ್ಕೊಳ್ತಿದ್ರು. ನನ್ನ ತಂಗಿ ಬಸ್ಸಲ್ಲಿ ಹೋಗಿರ್ತಿದ್ಲು." ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು. "ಎಲ್ಲಾ ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸೌಟು ಹಿಡ್ಕೊಂಡು ನಿಂತಿದ್ದೆ."

ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ.

ಕೆಲವು ತಿಂಗಳ ನಂತರ ತಾತ ಹಾಸಿಗೆ ಹಿಡಿದರು. ಮಗಳೂ ಮೊಮ್ಮಕ್ಕಳೂ ಬಂದು ಹೋಗಬಹುದು ಎಂದು ಸೋದರಮಾವನ ಕೈಯಲ್ಲಿ ಹೇಳಿ ಕಳಿಸಿದರು. ಪ್ರತಿ ಶನಿವಾರ ಅಪ್ಪ ನಮ್ಮನ್ನು ಬಸ್ಸಿನಲ್ಲಿ ಜಯನಗರಕ್ಕೆ ಕರೆದುಕೊಂಡು ಹೋಗಿ, ತಾತನ ಮನೆಯ ಗೇಟಿನವರೆಗೆ ಬಿಡುತ್ತಿದ್ದರು. ಆಮೇಲೆ ರಸ್ತೆ ದಾಟಿ ಎದುರಿನ ಫುಟ್‌ಪಾತಿನ ಮೇಲೆ ನಿಲ್ಲುತ್ತಿದ್ದರು. ಅಮ್ಮ ತಾತನಿಗೆ ಗಂಜಿ ಕುಡಿಸಿ, ಬಟ್ಟೆ ಬದಲಾಯಿಸಿ, ಮನೆ ಒರೆಸಿ ಹೊರಬರುವವರೆಗೆ ಎರಡು ಗಂಟೆ, ಮೂರು ಗಂಟೆ ನಿಂತೇ ಇರುತ್ತಿದ್ದರು. ತಾತನ ಮಂಚ ಕಿಟಕಿಯ ಪಕ್ಕದಲ್ಲಿತ್ತು. ಅವರು ನೋಡುತ್ತಿದ್ದರೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ. ಬೇಸಿಗೆಯ ಒಂದು ಮಧ್ಯಾಹ್ನ, ರಸ್ತೆಯ ಡಾಂಬರು ಮೆತ್ತಗಾಗುವಂಥ ಬಿಸಿಲಿನಲ್ಲಿ, ತಾತ ನನ್ನನ್ನು ಕರೆದರು.

"ಪುಟ್ಟಿ, ಒಂದು ಚೊಂಬು ನೀರು ತಗೊಂಡು ಹೋಗಿ ಅವರಿಗೆ ಕೊಟ್ಟು ಬಾ. ಒಳಗೆ ಕರೀಬೇಡ."

ನಾನು ರಸ್ತೆ ದಾಟಿ ಕೊಟ್ಟೆ. ಅಪ್ಪ ಯಾರು ಕಳಿಸಿದ್ದು ಎಂದು ಕೇಳಿದರು, ತಾತ ಎಂದೆ. ಅವರು ಚೊಂಬನ್ನು ಬಾಯಿಗೆ ತಾಗಿಸದೆ ಎತ್ತಿ ಹಿಡಿದು ಕುಡಿದರು. ಕೊರಳಿನಿಂದ ಅಂಗಿಯೊಳಕ್ಕೆ ನೀರು ಇಳಿಯುತ್ತಿದ್ದರೂ ನಿಲ್ಲಿಸಲಿಲ್ಲ. ಖಾಲಿ ಚೊಂಬು ಹಿಡಿದು ನಾನು ಒಳಗೆ ಬಂದೆ.

"ಕುಡಿದ್ರಾ?"

"ಹೂಂ."

"ಪೂರ್ತಿ?"

"ಪೂರ್ತಿ ತಾತ."

ತಾತ ಕಣ್ಣು ಮುಚ್ಚಿದರು. ಅವರ ಒಣಗಿದ ಕೈ ಚಾದರದ ಮೇಲೆ ತಡಕಾಡಿ ನನ್ನ ಕೈಯನ್ನು ಹುಡುಕಿ ಹಿಡಿಯಿತು.

"ನಿನ್ನ ಕೈಲೂ ಸುಳ್ಳು ಹೇಳಿಸಿದ್ರು ಪಾಪ. ಏನೂ ಗೊತ್ತಿಲ್ಲದ ಮಗು ನೀನು."

ಪಾಲಿಷ್ ಡಬ್ಬಿ ಹಿಡಿದುಕೊಂಡಿದ್ದವಳು ನಾನೇ ತಾತ ಎನ್ನಬೇಕೆನಿಸಿತು. ಮಾತು ನಾಲಗೆಯ ತುದಿಯಲ್ಲೇ ಇತ್ತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಈ ಸಲ ಅವಳು ಕಣ್ಣಿನಿಂದಲೂ ನನ್ನನ್ನು ತಡೆಯಲಿಲ್ಲ. ಹೇಳು ಎಂದೂ ಅನ್ನಲಿಲ್ಲ. ತಾತ ನನ್ನ ಕೈ ಹಿಡಿದುಕೊಂಡೇ ನಿದ್ದೆಹೋದರು. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ಅವರ ಪಾಲಿಗೆ ನಾನು ಕೊನೆಯವರೆಗೂ ಏನೂ ಗೊತ್ತಿಲ್ಲದ ಮಗುವಾಗಿಯೇ ಉಳಿದೆ.